ವೈರಿಯ ಕತ್ತೆ ಬಿದ್ದಾಗ

(ಶತ್ರುವನ್ನು ಪ್ರೀತಿಸುವುದು ಮತ್ತು ತೀರ್ಪು ಮಾಡದಿರುವುದು ಎಂಬ ವಿಷಯದ ಮೇಲೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಯೇಸುವಿನ ಮಾತುಗಳಲ್ಲಿ ಎಲ್ಲರೂ ತಲೆದೂಗುವ, ಆದರೆ ತನಗೇ ಹೇಳಿದ್ದೆಂದು ಯಾರೂ ಭಾವಿಸದ ಮಾತು ಒಂದಿದ್ದರೆ ಅದು "ನಿಮ್ಮ ವೈರಿಗಳನ್ನು ಪ್ರೀತಿಸಿರಿ" ಎಂಬುದು. "ತೀರ್ಪು ಮಾಡಬೇಡಿರಿ" ಎಂಬ ಇನ್ನೊಂದು ಮಾತಿನ ಪಾಡು ಬೇರೆ. ಅದನ್ನು ನಾವು ಚೆನ್ನಾಗಿಯೇ ನೆನಪಿಟ್ಟುಕೊಂಡಿದ್ದೇವೆ. ಯಾರಾದರೂ ನಮ್ಮ ತಪ್ಪನ್ನು ಎತ್ತಿ ತೋರಿಸಿದ ಕೂಡಲೇ ಅದು ನಾಲಿಗೆಯ ತುದಿಗೆ ಬರುತ್ತದೆ. ಒಂದನ್ನು ಆಗದ ಮಾತು ಎಂದು ಅಟ್ಟದ ಮೇಲಿಟ್ಟೆವು, ಇನ್ನೊಂದನ್ನು ಗುರಾಣಿ ಮಾಡಿಕೊಂಡೆವು. ಇವೆರಡೂ ಒಂದೇ ಮಾತಿನ ಎರಡು ತುದಿಗಳು ಎಂಬುದನ್ನು ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಮತ್ತಾಯನ ಸುವಾರ್ತೆಯಲ್ಲಿ ಇವು ದೂರ ದೂರ ಇವೆ. ಪರ್ವತ ಪ್ರಸಂಗದ ಐದನೆಯ ಅಧ್ಯಾಯದ ಕೊನೆಯಲ್ಲಿ ವೈರಿಗಳ ಮಾತು ಬರುತ್ತದೆ, ಏಳನೆಯ ಅಧ್ಯಾಯದ ಮೊದಲಿಗೆ ತೀರ್ಪಿನ ಮಾತು. ನಡುವೆ ದಾನ, ಪ್ರಾರ್ಥನೆ, ಉಪವಾಸ, ಹಣ, ನಾಳೆಯ ಚಿಂತೆ ಎಲ್ಲವೂ ಬಂದುಹೋಗುತ್ತವೆ. ಲೂಕನಲ್ಲಿ ಹಾಗಿಲ್ಲ. ಆರನೆಯ ಅಧ್ಯಾಯದಲ್ಲಿ ವೈರಿಗೆ ಒಳ್ಳೆಯದನ್ನು ಮಾಡಿರಿ, ತಂದೆಯು ಕರುಣೆಯುಳ್ಳವನಾಗಿರುವಂತೆ ನೀವೂ ಕರುಣೆಯುಳ್ಳವರಾಗಿರಿ ಎಂದ ಮರು ಉಸಿರಿಗೇ ತೀರ್ಪು ಮಾಡಬೇಡಿರಿ ಎಂಬ ಮಾತು ಬರುತ್ತದೆ. ನನಗೆ ಲೂಕನ ಜೋಡಣೆಯೇ ಹೆಚ್ಚು ಒಪ್ಪಿಗೆ. ಏಕೆಂದರೆ ಯಾರೂ ನಮಗೆ ಒಮ್ಮೆಗೇ ಶತ್ರುವಾಗುವುದಿಲ್ಲ. ಅವನು ಮಾಡಿದ ಒಂದು ಕೆಲಸ ನಮಗೆ ನೋವು ಕೊಡುತ್ತದೆ. ಆಮೇಲೆ ನಾವು ಆ ಕೆಲಸದಿಂದ ಮನುಷ್ಯನಿಗೆ ಜಿಗಿಯುತ್ತೇವೆ: "ಅವನು ಇರುವುದೇ ಹಾಗೆ." ಅಲ್ಲಿಗೆ ವಿಚಾರಣೆ ಮುಗಿಯಿತು. ದ್ವೇಷ ಎಂಬುದು ಆ ತೀರ್ಪಿನ ಜಾರಿ ಮಾತ್ರ.

ಇದನ್ನೆಲ್ಲ ಯೇಸು ಗಾಳಿಯಿಂದ ತಂದು ಹೇಳಲಿಲ್ಲ. ಕ್ರೈಸ್ತ ವೇದಿಕೆಗಳಲ್ಲಿ ಕೆಲವೊಮ್ಮೆ ಹಳೆಯ ಒಡಂಬಡಿಕೆಯನ್ನು ಸೇಡಿನ ಗ್ರಂಥವೆಂದು, ಹೊಸದನ್ನು ಪ್ರೀತಿಯ ಗ್ರಂಥವೆಂದು ಬಿಡಿಸಿ ಇಡುವುದನ್ನು ಕೇಳುತ್ತೇವೆ. ಅದು ಓದದವರ ಮಾತು. "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಎಂಬುದು ಯಾಜಕಕಾಂಡದ 19ನೆಯ ಅಧ್ಯಾಯದ್ದು. "ವೈರಿಯನ್ನು ಹಗೆಮಾಡು" ಎಂಬ ಆಜ್ಞೆ ಮೋಶೆಯ ಧರ್ಮಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. "ಹೀಗೆ ಹೇಳಿದ್ದುಂಟೆಂದು ಕೇಳಿದ್ದೀರಿ" ಎಂದು ಯೇಸು ಅದನ್ನು ಎತ್ತಿದ್ದು ಜನರ ನಡುವೆ ಓಡಾಡುತ್ತಿದ್ದ ಮಾತಿನಿಂದ ಇರಬೇಕು. ಮೃತ ಸಮುದ್ರದ ದಡದ ಕುಮ್ರಾನ್ ಗುಹೆಗಳಲ್ಲಿ 1947ರಿಂದಾಚೆಗೆ ಸಿಕ್ಕ ಸುರುಳಿಗಳಲ್ಲಿ ಒಂದು ಪಂಗಡದ ನಿಯಮಾವಳಿ ಇದೆ. ಬೆಳಕಿನ ಮಕ್ಕಳನ್ನೆಲ್ಲ ಪ್ರೀತಿಸಬೇಕು, ಕತ್ತಲೆಯ ಮಕ್ಕಳನ್ನೆಲ್ಲ ದ್ವೇಷಿಸಬೇಕು ಎಂದು ಅದು ಸದಸ್ಯರಿಗೆ ಹೇಳುತ್ತದೆ. ಅವರು ಅದನ್ನು ಬರೆದಿಟ್ಟರು. ನಾವು ಬರೆಯದೆ ಪಾಲಿಸುತ್ತಿದ್ದೇವೆ, ಅಷ್ಟೇ ವ್ಯತ್ಯಾಸ.

ಈಗ ವಿಮೋಚನಕಾಂಡದ 23ನೆಯ ಅಧ್ಯಾಯಕ್ಕೆ ಬನ್ನಿ. ನಿನ್ನನ್ನು ಹಗೆ ಮಾಡುವವನ ಕತ್ತೆ ಹೊರೆಯ ಕೆಳಗೆ ಕುಸಿದುಬಿದ್ದಿರುವುದನ್ನು ಕಂಡರೆ ನೋಡಿಯೂ ನೋಡದಂತೆ ಹೋಗಬೇಡ, ಅವನ ಜೊತೆ ಸೇರಿ ಅದನ್ನು ಎಬ್ಬಿಸು ಎಂಬ ಒಂದು ಸಣ್ಣ ನಿಯಮ ಅಲ್ಲಿದೆ. ಈ ದೃಶ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕತ್ತೆ ಮೊಣಕಾಲೂರಿ ಬಿದ್ದಿದೆ. ಹೊರೆ ಒಂದು ಪಕ್ಕಕ್ಕೆ ವಾಲಿದೆ, ಹಗ್ಗ ಹೊಟ್ಟೆಗೆ ಬಿಗಿದುಕೊಂಡಿದೆ. ಒಬ್ಬನೇ ಎಬ್ಬಿಸಲು ಹೋದರೆ ಹೊರೆ ಇನ್ನೊಂದು ಪಕ್ಕಕ್ಕೆ ಉರುಳುತ್ತದೆ. ಇಬ್ಬರು ಬೇಕು, ಆಚೆಗೊಬ್ಬ, ಈಚೆಗೊಬ್ಬ. ಮಾತು ಬಿಟ್ಟು ಎಷ್ಟು ಕಾಲವಾಗಿದ್ದರೂ ಈಗ "ಆ ಗಂಟು ಬಿಚ್ಚು", "ಸ್ವಲ್ಪ ಎತ್ತು", "ಹೂಂ, ಬಿಡು" ಎನ್ನದೆ ಕೆಲಸ ಸಾಗುವುದಿಲ್ಲ. ಕತ್ತೆ ಎದ್ದು ನಿಂತ ಮೇಲೆ ಅವರು ರಾಜಿಯಾದರೇ? ಗ್ರಂಥ ಏನನ್ನೂ ಹೇಳುವುದಿಲ್ಲ. ಅದು ಕೇಳಿದ್ದು ಕತ್ತೆಯನ್ನು ಎಬ್ಬಿಸುವುದಷ್ಟನ್ನೇ.

ಯೆಹೂದಿ ಪಂಡಿತರು ಇದನ್ನು ಇನ್ನಷ್ಟು ಬಿಗಿ ಮಾಡಿದರು. ಒಂದು ಕಡೆ ಗೆಳೆಯನ ಪ್ರಾಣಿಯಿಂದ ಹೊರೆ ಇಳಿಸುವುದಿದೆ, ಇನ್ನೊಂದು ಕಡೆ ಶತ್ರುವಿನ ಪ್ರಾಣಿಗೆ ಹೊರೆ ಹೇರುವುದಿದೆ ಎಂದಾದರೆ ಮೊದಲು ಶತ್ರುವಿಗೇ ನೆರವಾಗು ಎಂದು ಆ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮೂದ್ ಹೇಳುತ್ತದೆ. ಹೊರೆ ಹೊತ್ತು ನರಳುವ ಪ್ರಾಣಿಯನ್ನು ಕಾಯಿಸಿಯಾದರೂ ಸರಿ, ನಿನ್ನೊಳಗಿನ ಕೆಟ್ಟ ಒಲವನ್ನು ಬಗ್ಗಿಸು ಎಂಬುದು ಅದಕ್ಕೆ ಅವರು ಕೊಡುವ ಕಾರಣ. ಯೇಸು ಬೆಳೆದದ್ದು ಇಂಥ ಮಾತುಗಳು ಹುಟ್ಟಿದ ಪರಂಪರೆಯಲ್ಲಿ.

ಕತ್ತೆಯ ಪ್ರಸಂಗವನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. "ವೈರಿಯನ್ನು ಪ್ರೀತಿಸು" ಎಂದಾಗ ನಾವು ಎದೆಯೊಳಗೆ ಕೈಹಾಕಿ ಒಂದು ಭಾವನೆಗಾಗಿ ತಡಕಾಡುತ್ತೇವೆ. ಅದು ಸಿಗದಿದ್ದಾಗ "ಇದು ನನ್ನಂಥವರಿಗೆ ಹೇಳಿದ್ದಲ್ಲ" ಎಂದು ಎದ್ದುಬಿಡುತ್ತೇವೆ. ಯೇಸು ಪಟ್ಟಿ ಮಾಡಿದ್ದು ಭಾವನೆಗಳನ್ನಲ್ಲ: ಒಳ್ಳೆಯದನ್ನು ಮಾಡಿರಿ, ಶಪಿಸುವವರನ್ನು ಆಶೀರ್ವದಿಸಿರಿ, ಅವರಿಗಾಗಿ ಪ್ರಾರ್ಥಿಸಿರಿ, ಸಾಲ ಕೊಡಿರಿ. ಮತ್ತಾಯನಲ್ಲಿ ಇನ್ನೂ ಸಣ್ಣದೊಂದು ಕೆಲಸವಿದೆ, ನಮಸ್ಕಾರ ಮಾಡುವುದು. ನಿಮ್ಮವರಿಗೆ ಮಾತ್ರ ನಮಸ್ಕಾರ ಮಾಡಿದರೆ ಏನು ಹೆಚ್ಚು ಮಾಡಿದಂತಾಯಿತು ಎಂದು ಆತನು ಕೇಳುತ್ತಾನೆ. ಎದುರು ಸಿಕ್ಕಾಗ ಮುಖ ತಿರುಗಿಸದೆ ಒಂದು ನಮಸ್ಕಾರ ಹೇಳುವುದಕ್ಕೆ ಸಂತನಾಗಬೇಕಿಲ್ಲ. ಆದರೆ ಪ್ರಯತ್ನಿಸಿ ನೋಡಿ, ಕುತ್ತಿಗೆ ಎಷ್ಟು ಬಿರುಸಾಗಿದೆ ಎಂಬುದು ಆಗ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ 1957ರ ನವೆಂಬರ್‌ನಲ್ಲಿ ಮಾಂಟ್ಗೊಮರಿ ಪಟ್ಟಣದ ತಮ್ಮ ಚರ್ಚಿನಲ್ಲಿ ಇದೇ ವಿಷಯದ ಮೇಲೆ ಪ್ರಸಂಗ ಮಾಡಿದರು. ವೈರಿಗಳು ನಿಮಗೆ ಇಷ್ಟವಾಗಬೇಕು ಎಂದು ಯೇಸು ಹೇಳಲಿಲ್ಲ ಎಂಬುದನ್ನು ಅವರು ಬಿಡಿಸಿ ಹೇಳಿದರು. ಕೆಲವರನ್ನು ಇಷ್ಟಪಡುವುದು ಕಷ್ಟ ಎಂದು ಒಪ್ಪಿಕೊಂಡರು. ಅದು ಪುಸ್ತಕದಿಂದ ಬಂದ ಮಾತಾಗಿರಲಿಲ್ಲ. 1956ರ ಜನವರಿ 30ರ ರಾತ್ರಿ ಅವರ ಮನೆಗೆ ಬಾಂಬ್ ಎಸೆಯಲಾಗಿತ್ತು. ಒಳಗೆ ಹೆಂಡತಿ ಮತ್ತು ಹಸುಗೂಸು ಇದ್ದರು. ಸಿಟ್ಟಿಗೆದ್ದ ಜನ ಮನೆಯ ಮುಂದೆ ಸೇರಿದಾಗ, ಕೆಲವರ ಕೈಯಲ್ಲಿ ಆಯುಧಗಳಿದ್ದಾಗ, ಒಡೆದ ವರಾಂಡದಲ್ಲಿ ನಿಂತು ಅವರನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸಿದವರು ಅವರೇ. ಆಗ ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ನಡೆಸುತ್ತಿದ್ದ ಬಸ್ ಬಹಿಷ್ಕಾರವನ್ನೇನೂ ನಿಲ್ಲಿಸಲಿಲ್ಲ, ಅದನ್ನು ಮರೆಯಬಾರದು. ಪ್ರೀತಿಸು ಎಂದರೆ ಹಿಂದೆ ಸರಿ ಎಂದು ಅವರು ಓದಿಕೊಂಡಿರಲಿಲ್ಲ.

ಇಲ್ಲಿ ಸ್ವಲ್ಪ ಕಟುವಾಗಿ ಮಾತನಾಡುತ್ತೇನೆ. ಈ ಬೋಧನೆಯನ್ನು ಚರಿತ್ರೆಯುದ್ದಕ್ಕೂ ತಪ್ಪು ಜನರಿಗೆ ಬೋಧಿಸಲಾಗಿದೆ. ಹೊಡೆಯುವವನಿಗೆ ಹೇಳುವ ಬದಲು ಹೊಡೆಸಿಕೊಂಡವಳಿಗೆ ಹೇಳಿದ್ದೇವೆ. ಒಡೆಯನನ್ನು ಬಿಟ್ಟು ಗುಲಾಮನಿಗೆ, ಅಧಿಕಾರ ದುರುಪಯೋಗ ಮಾಡಿಕೊಂಡ ಪಾದ್ರಿಯನ್ನು ಬಿಟ್ಟು ಅವನಿಂದ ನೊಂದ ಮಗುವಿನ ತಾಯಿಗೆ ಹೇಳಿದ್ದೇವೆ. "ಕ್ಷಮಿಸಿಬಿಡು, ತೀರ್ಪು ಮಾಡಬೇಡ" ಎಂಬುದು ಆಗ ಸುವಾರ್ತೆಯಾಗಿ ಉಳಿಯುವುದಿಲ್ಲ, ತಿಪ್ಪೆ ಸಾರಿಸುವ ಕೆಲಸವಾಗುತ್ತದೆ.

ಇನ್ನೊಂದು ಕೆನ್ನೆಯ ಮಾತನ್ನೇ ತೆಗೆದುಕೊಳ್ಳಿ. ಮತ್ತಾಯ ಬಲಗೆನ್ನೆ ಎಂದು ನಿರ್ದಿಷ್ಟವಾಗಿ ಬರೆಯುತ್ತಾನೆ. ಎದುರಿಗೆ ನಿಂತವನು ಬಲಗೈಯಲ್ಲಿ ನಿಮ್ಮ ಬಲಗೆನ್ನೆಗೆ ಹೊಡೆಯಬೇಕಾದರೆ ಅಂಗೈ ಮಗುಚಿ ಹಿಂಗೈಯಲ್ಲಿ ಹೊಡೆಯಬೇಕು. ಅದು ಕೆಳಗಿನವನೆಂದು ತೋರಿಸುವ ಹೊಡೆತ. ಯೆಹೂದಿ ಕಾನೂನಿನ ಸಂಗ್ರಹವಾದ ಮಿಷ್ನಾದಲ್ಲಿ ಅಂಗೈಯ ಪೆಟ್ಟಿಗೆ 200 ಝೂಜ್ (ಆಗಿನ ಬೆಳ್ಳಿ ನಾಣ್ಯ) ದಂಡ, ಹಿಂಗೈಯ ಪೆಟ್ಟಿಗೆ 400. ನೋವಿಗಿಂತ ಅವಮಾನಕ್ಕೆ ಬೆಲೆ ಹೆಚ್ಚು. ಇನ್ನೊಂದು ಕೆನ್ನೆ ತೋರಿಸಿದವನು ಓಡಿಹೋಗಲಿಲ್ಲ, ತಿರುಗಿ ಹೊಡೆಯಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಹೊಡೆದವನಿಗೆ ಈಗ ಏನು ಮಾಡುವುದೆಂದು ತೋಚದಂತೆ ನಿಂತ. ಯೇಸು ತಾನೇ ಈ ಪರೀಕ್ಷೆಗೆ ಸಿಕ್ಕಿದ್ದನ್ನು ಯೋಹಾನನು 18ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಮಹಾಯಾಜಕನ ಮುಂದಿನ ವಿಚಾರಣೆಯಲ್ಲಿ ಒಬ್ಬ ಓಲೇಕಾರ ಆತನಿಗೆ ಏಟು ಕೊಡುತ್ತಾನೆ. ಯೇಸು ಸುಮ್ಮನಿರಲಿಲ್ಲ. ನಾನು ತಪ್ಪಾಗಿ ಮಾತನಾಡಿದ್ದರೆ ಆ ತಪ್ಪನ್ನು ತೋರಿಸು, ಇಲ್ಲದಿದ್ದರೆ ನನ್ನನ್ನು ಏಕೆ ಹೊಡೆಯುತ್ತೀ ಎಂದು ಕೇಳಿದನು. ಕೈ ಎತ್ತಲಿಲ್ಲ, ಪ್ರಶ್ನೆ ಎತ್ತಿದ.

ಇನ್ನು ತೀರ್ಪಿನ ಮಾತು. ತನ್ನ ಕಣ್ಣಿನಲ್ಲಿ ತೊಲೆ ಇಟ್ಟುಕೊಂಡು ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ಹೊರಟವನ ಚಿತ್ರ ನಗಿಸುವುದಕ್ಕೇ ಕಟ್ಟಿದ್ದು. ಬಡಗಿಯ ಬಾಯಿಂದ ಬಂದ ಹಾಸ್ಯ ಅದು. ಮರದ ಪುಡಿ ಕಣ್ಣಿಗೆ ಬಿದ್ದರೆ ಹೇಗಿರುತ್ತದೆಂದು ಬಲ್ಲವನ ಮಾತು. ನಾವು ಅದನ್ನು ಗಂಭೀರ ಧ್ವನಿಯಲ್ಲಿ ಓದಿ ಓದಿ ನಗುವನ್ನು ಕೊಂದಿದ್ದೇವೆ. ಆ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸುವುದೂ ನಮ್ಮ ಅಭ್ಯಾಸ. ಮೊದಲು ತೊಲೆಯನ್ನು ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ನಿನಗೆ ಚೆನ್ನಾಗಿ ಕಾಣುತ್ತದೆ ಎಂದು ಅದು ಮುಗಿಯುತ್ತದೆ. ರವೆಯನ್ನು ಅಲ್ಲೇ ಬಿಡು ಎಂದು ಯೇಸು ಹೇಳಲಿಲ್ಲ. ಅದು ಚುಚ್ಚುತ್ತಿದೆ, ತೆಗೆಯಲೇಬೇಕು. ಅದೇ ಅಧ್ಯಾಯದಲ್ಲಿ ಹಂದಿಗಳ ಮುಂದೆ ಮುತ್ತು ಚೆಲ್ಲಬೇಡಿ, ಕುರಿಯ ವೇಷದ ತೋಳಗಳ ವಿಷಯದಲ್ಲಿ ಎಚ್ಚರ, ಫಲದಿಂದ ಮರವನ್ನು ಗುರುತಿಸಿ ಎಂಬ ಮಾತುಗಳೂ ಇವೆ. ಕಣ್ಣು ಮುಚ್ಚಿಕೊಂಡವನು ಇವುಗಳಲ್ಲಿ ಒಂದನ್ನೂ ಪಾಲಿಸಲಾರ.

ಹಾಗಾದರೆ ನಿಷೇಧಿಸಿದ್ದು ಏನನ್ನು? ದಾವೀದನ ಕಥೆ ನನಗೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಬತ್ಷೆಬೆಯನ್ನು ತೆಗೆದುಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ ಅರಸನ ಬಳಿಗೆ ಪ್ರವಾದಿ ನಾತಾನನು ಬಂದು ಒಂದು ಪ್ರಕರಣ ಹೇಳುತ್ತಾನೆ. ಹಿಂಡು ಹಿಂಡು ಕುರಿಗಳಿದ್ದ ಒಬ್ಬ ಸಾಹುಕಾರ ಅತಿಥಿಗೆ ಅಡುಗೆ ಮಾಡಿಸಲು, ಬಡವನೊಬ್ಬನು ಮಗಳಂತೆ ಸಾಕಿದ್ದ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ. ದಾವೀದನ ಸಿಟ್ಟು ನೆತ್ತಿಗೇರುತ್ತದೆ. ಅಂಥವನು ಸಾಯತಕ್ಕವನು ಎಂದುಬಿಡುತ್ತಾನೆ. ಕುರಿ ಕದ್ದವನಿಗೆ ಧರ್ಮಶಾಸ್ತ್ರದಲ್ಲಿ ಮರಣದಂಡನೆ ಇಲ್ಲ, ನಾಲ್ಕರಷ್ಟು ತುಂಬಿಕೊಡಬೇಕು, ಅಷ್ಟೇ. ತೀರ್ಪಿನ ಅಳತೆ ಮೀರಿದಾಗ ನ್ಯಾಯಾಧೀಶನ ಒಳಗೆ ಏನೋ ಕುದಿಯುತ್ತಿದೆ ಎಂದು ತಿಳಿಯಬೇಕು. "ಆ ಮನುಷ್ಯನು ನೀನೇ" ಎಂದು ನಾತಾನ ಹೇಳುವವರೆಗೆ ದಾವೀದನಿಗೆ ತನ್ನ ತೊಲೆ ಕಾಣಲಿಲ್ಲ. ಬೇರೆಯವರ ಯಾವ ತಪ್ಪನ್ನು ಕಂಡಾಗ ನಮಗೆ ತಡೆಯಲಾರದಷ್ಟು ರೋಷ ಬರುತ್ತದೆಯೋ ಅಲ್ಲಿ ಒಮ್ಮೆ ನಿಂತು ನೋಡುವುದು ಒಳ್ಳೆಯದು. ಯಾವಾಗಲೂ ಅದು ನಮ್ಮದೇ ತಪ್ಪಾಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಅನ್ಯಾಯ ಕಂಡಾಗ ರೋಷ ಬರಲೇಬೇಕು.

ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಸನ್ಯಾಸಿಗಳ ನಡುವೆ ಅಬ್ಬಾ ಮೋಸೆಸ್ ಎಂಬವರಿದ್ದರು. ಹಿಂದೆ ದರೋಡೆಕೋರರಾಗಿದ್ದವರು. ತಪ್ಪು ಮಾಡಿದ ಒಬ್ಬ ಸಹೋದರನ ವಿಚಾರಣೆಗೆ ಬರಬೇಕೆಂದು ಇವರಿಗೆ ಕರೆ ಬಂತು. ಹೋಗಲಿಲ್ಲ. ಮತ್ತೆ ಕರೆ ಬಂದಾಗ ಸೋರುವ ಪಾತ್ರೆಯೊಂದನ್ನು ಹೊತ್ತು ಹೊರಟರು. ಇದೇನು ಎಂದು ಕೇಳಿದವರಿಗೆ, ನನ್ನ ಪಾಪಗಳು ನನ್ನ ಬೆನ್ನ ಹಿಂದೆ ಸೋರುತ್ತಿವೆ, ನಾನು ಅವನ್ನು ನೋಡುವುದಿಲ್ಲ, ಇನ್ನೊಬ್ಬನ ತಪ್ಪಿಗೆ ತೀರ್ಪು ಕೊಡಲು ಬಂದಿದ್ದೇನೆ ಎಂದರು. ಸಭೆ ಆ ಸಹೋದರನನ್ನು ಕ್ಷಮಿಸಿತು. ಇದೇ ಅಬ್ಬಾ ಮೋಸೆಸ್ ಕಾವಲುಗಾರನೊಬ್ಬ ಹಣ ಕದ್ದಿದ್ದರೆ ಏನು ಮಾಡುತ್ತಿದ್ದರೋ ನನಗೆ ಕುತೂಹಲವಿದೆ. ಮಾಜಿ ದರೋಡೆಕೋರರಾದ್ದರಿಂದ ಬೀಗವನ್ನಾದರೂ ಬದಲಿಸುತ್ತಿದ್ದರು ಎಂದುಕೊಳ್ಳುತ್ತೇನೆ.

"ದೇವರು ನೋಡಿಕೊಳ್ಳುತ್ತಾನೆ" ಎಂಬ ನಮ್ಮ ಮಾತಿನ ಬಗ್ಗೆಯೂ ಒಂದು ಅನುಮಾನ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡಿ ಎಂದದ್ದು ನಿಜ. ಆದರೆ ಹಲವು ಸಲ ನಾವು ಹಾಗೆ ಹೇಳುವಾಗ ದೇವರಿಗೇ ಸುಪಾರಿ ಕೊಟ್ಟಿರುತ್ತೇವೆ. ಪೌಲನ ಮುಂದಿನ ಸಾಲು ವೈರಿಗೆ ಹಸಿವಾದರೆ ಊಟ ಹಾಕು, ಬಾಯಾರಿದರೆ ಕುಡಿಯಲು ಕೊಡು ಎನ್ನುತ್ತದೆ. ಯೇಸುವಿನ ಶಿಷ್ಯರಿಗೂ ಈ ಸುಪಾರಿಯ ಆಸೆ ಇತ್ತು. ಸಮಾರ್ಯದ ಒಂದು ಹಳ್ಳಿಯವರು ತಂಗಲು ಜಾಗ ಕೊಡದಿದ್ದಾಗ ಯಾಕೋಬ ಮತ್ತು ಯೋಹಾನರು ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಕೇಳಿದರು. ಯೇಸು ಅವರನ್ನು ಗದರಿಸಿ ಬೇರೆ ಹಳ್ಳಿಗೆ ಹೋದನು. ಇದು ಲೂಕನ ಒಂಬತ್ತನೆಯ ಅಧ್ಯಾಯ. ಪುಟ ತಿರುವಿದರೆ ಹತ್ತನೆಯದರಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದವನು ಯಾರು? ಸಮಾರ್ಯದವನು. ಜಾಗ ಕೊಡದವರ ಕುಲದವನನ್ನೇ ಯೇಸು ಕಥಾನಾಯಕನನ್ನಾಗಿ ಮಾಡಿದ. ಶತ್ರುವಿಗೆ ನಾವು ಉಪಕಾರ ಮಾಡುವುದು ಒಂದು ಕಷ್ಟ. ಶತ್ರುವಿನಿಂದ ಉಪಕಾರ ಪಡೆಯುವುದು, ಅವನಲ್ಲಿ ಒಳ್ಳೆಯತನ ಇದೆಯೆಂದು ಒಪ್ಪುವುದು ಅದಕ್ಕಿಂತ ದೊಡ್ಡ ಕಷ್ಟ.

ಕ್ರೈಸ್ತರು ಇದನ್ನು ಎಷ್ಟರ ಮಟ್ಟಿಗೆ ನಡೆಸಿದರು? ಗೆಳೆಯರನ್ನು ಎಲ್ಲರೂ ಪ್ರೀತಿಸುತ್ತಾರೆ, ವೈರಿಗಳನ್ನು ಪ್ರೀತಿಸುವವರು ಕ್ರೈಸ್ತರು ಮಾತ್ರ ಎಂದು ಮೂರನೆಯ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಎದೆ ತಟ್ಟಿಕೊಂಡು ಬರೆದ. ಅಧಿಕಾರ ಕೈಗೆ ಬಂದ ಮೇಲೆ ಆ ಮಾತನ್ನು ಹೇಳುವುದು ಕಷ್ಟವಾಯಿತು. 1569ರಲ್ಲಿ ನೆದರ್ಲ್ಯಾಂಡ್ಸ್‌ನ ಆಸ್ಪೆರೆನ್ ಎಂಬಲ್ಲಿ ಡಿರ್ಕ್ ವಿಲ್ಲೆಮ್ಸ್ ಎಂಬ ಅನಾಬ್ಯಾಪ್ಟಿಸ್ಟ್ (ಶಿಶುಗಳಿಗೆ ಕೊಡುವ ದೀಕ್ಷಾಸ್ನಾನವನ್ನು ಒಪ್ಪದ ಪಂಗಡದವನು) ಸೆರೆಯಿಂದ ತಪ್ಪಿಸಿಕೊಂಡ. ಬೆಳೆದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದದ್ದು, ಮನೆಯಲ್ಲಿ ಗುಟ್ಟಾಗಿ ಕೂಟ ನಡೆಸಿದ್ದು ಅವನ ಅಪರಾಧ. ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿ ದಡ ಸೇರಿದ. ಬೆನ್ನಟ್ಟಿ ಬಂದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ತಿರುಗಿ ಬಂದು ಅವನನ್ನು ಮೇಲೆತ್ತಿದ. ಬದುಕಿಕೊಂಡವನಿಗೆ ಇವನನ್ನು ಬಿಟ್ಟುಬಿಡುವ ಮನಸ್ಸಿತ್ತು. ದಡದಲ್ಲಿದ್ದ ಅಧಿಕಾರಿ ಕರ್ತವ್ಯದ ಪ್ರಮಾಣವನ್ನು ನೆನಪಿಸಿ ಹಿಡಿಯಲು ಕೂಗಿದ. ಮೇ 16ರಂದು ಡಿರ್ಕ್‌ನನ್ನು ಸುಟ್ಟರು. ಸುಟ್ಟವರೂ ಕ್ರೈಸ್ತರೇ, ಅವರ ಚರ್ಚಿನಲ್ಲಿ ಓದುತ್ತಿದ್ದದ್ದೂ ಇದೇ ಮತ್ತಾಯ, ಇದೇ ಲೂಕ. ನಮ್ಮ ಪ್ರಸಂಗಗಳಲ್ಲಿ ಡಿರ್ಕ್‌ನನ್ನು ಹೆಮ್ಮೆಯಿಂದ ನೆನೆಯುತ್ತೇವೆ, ದಡದ ಮೇಲೆ ನಿಂತು ಕೂಗಿದವನು ನಮ್ಮ ಪೈಕಿಯೇ ಎಂಬುದನ್ನು ಬಿಟ್ಟುಬಿಡುತ್ತೇವೆ.

ಅನಾಬ್ಯಾಪ್ಟಿಸ್ಟರ ಅದೇ ಪರಂಪರೆಯಿಂದ ಬಂದ ಆಮಿಷ್ ಜನರ ಶಾಲೆಗೆ, ಅಮೆರಿಕದ ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್‌ನಲ್ಲಿ, 2006ರ ಅಕ್ಟೋಬರ್ 2ರಂದು ಒಬ್ಬ ಬಂದೂಕುಧಾರಿ ನುಗ್ಗಿ ಐದು ಹೆಣ್ಣುಮಕ್ಕಳನ್ನು ಕೊಂದು ತಾನೂ ಗುಂಡು ಹಾರಿಸಿಕೊಂಡು ಸತ್ತ. ಅಂದೇ ಸಂಜೆಯಿಂದ ಆಮಿಷ್ ಜನ ಅವನ ಹೆಂಡತಿ ಮತ್ತು ತಂದೆತಾಯಿಯರನ್ನು ಕಂಡು ಸಾಂತ್ವನ ಹೇಳತೊಡಗಿದರು, ಅವನ ಶವಸಂಸ್ಕಾರಕ್ಕೂ ಹೋದರು. ಇಷ್ಟು ಬೇಗ ಕ್ಷಮಿಸುವುದು ಸರಿಯೇ ಎಂದು ಹಲವರು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅವರು ಮಾಡಿದ್ದನ್ನು ಗಮನಿಸಿ: ಆ ಹೆಂಡತಿ ಏನೂ ತಪ್ಪು ಮಾಡಿರಲಿಲ್ಲ. ಇಂಥ ಹೊತ್ತಿನಲ್ಲಿ ಊರು ಸಾಮಾನ್ಯವಾಗಿ ಅವಳಿಗೂ ತೀರ್ಪು ಬರೆಯುತ್ತದೆ. ಇವರು ಬರೆಯಲಿಲ್ಲ.

ಇಷ್ಟು ಹೇಳಿ ಮುಗಿಸಿದ ಮೇಲೆ ಬಂದ ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬರು ಕೇಳಿದರು: "ಅವನು ಬದಲಾದರೆ ಸಾಕು ಸರ್, ನಾನು ನಾಳೆಯೇ ಹೋಗಿ ಮಾತನಾಡಿಸುತ್ತೇನೆ. ಬದಲಾಗದವನನ್ನು ಏನು ಮಾಡುವುದು?"

ದೇವರು ಕೆಟ್ಟವರ ಮೇಲೆಯೂ ಒಳ್ಳೆಯವರ ಮೇಲೆಯೂ ಸೂರ್ಯನನ್ನು ಮೂಡಿಸುತ್ತಾನೆ ಎಂದು ಮತ್ತಾಯನಲ್ಲಿದೆ. ಅದರಲ್ಲಿ ಷರತ್ತು ಇಲ್ಲ. ಆದರೆ ನನ್ನ ಸಂಶಯ ನಿಮ್ಮ ಮೊದಲ ವಾಕ್ಯದ ಮೇಲೆ. ಯೋನನ ಕಥೆ ಗೊತ್ತಲ್ಲ? ಮೀನು ನುಂಗಿದ್ದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಅವನು ಏಕೆ ಓಡಿಹೋದ ಎಂಬುದನ್ನು ಮರೆಯುತ್ತಾರೆ. ನಿನೆವೆ ಅಶ್ಶೂರರ ಪಟ್ಟಣ, ಇಸ್ರಾಯೇಲನ್ನು ತುಳಿದವರ ಪಟ್ಟಣ. ಅಲ್ಲಿಯ ಜನ ನಿಜವಾಗಿಯೂ ಬದಲಾದರು, ಅರಸನಿಂದ ಹಿಡಿದು ಎಲ್ಲರೂ ಗೋಣಿತಟ್ಟು ಉಟ್ಟರು. ಯೋನನಿಗೆ ಸಂತೋಷವಾಯಿತೇ? ಸಾಯುವುದೇ ಮೇಲು ಎನ್ನುವಷ್ಟು ಸಿಟ್ಟಾಯಿತು. ನೀನು ಕನಿಕರಿಸುವವನೆಂದು ಗೊತ್ತಿದ್ದದ್ದರಿಂದಲೇ ನಾನು ಓಡಿಹೋದದ್ದು ಎಂದು ದೇವರಿಗೇ ಹೇಳಿದ. ಶತ್ರು ಬದಲಾಗಲಿ ಎಂದು ನಾವು ಹೇಳುವಾಗ ಅವನು ಬದಲಾಗದೆ ಇರಲಿ ಎಂಬ ಆಸೆ ಒಳಗೆ ಅಡಗಿದೆಯೇ ಎಂದು ನೋಡಿಕೊಳ್ಳಬೇಕು. ಅವನು ಕೆಟ್ಟವನಾಗಿಯೇ ಉಳಿದರೆ ನಮ್ಮ ತೀರ್ಪು ಸರಿಯಾಗಿತ್ತು ಎಂದಾಗುತ್ತದಲ್ಲ.

ಇನ್ನೊಬ್ಬರು, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಹಿಳೆ, ನೇರವಾಗಿ ಕೇಳಿದರು: "ನಾನು ಒಬ್ಬರ ಮೇಲೆ ದೂರು ಕೊಟ್ಟಿದ್ದೇನೆ. ಕ್ಷಮಿಸುವುದೆಂದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೇ?"

ಬೇಡಮ್ಮ. 1981ರ ಮೇ 13ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರ ಮೇಲೆ ಮೆಹ್ಮೆತ್ ಅಲಿ ಆಗ್ಜಾ ಗುಂಡು ಹಾರಿಸಿದ. ಕೆಲವೇ ದಿನಗಳಲ್ಲಿ ಪೋಪ್ ಅವನನ್ನು ಕ್ಷಮಿಸಿದ್ದಾಗಿ ಹೇಳಿದರು. 1983ರ ಡಿಸೆಂಬರ್‌ನಲ್ಲಿ ರೋಮಿನ ರೆಬಿಬ್ಬಿಯಾ ಜೈಲಿಗೆ ಹೋಗಿ ಅವನ ಕೋಣೆಯಲ್ಲಿ, ಅವನ ಎದುರಿಗೆ ಕುರ್ಚಿ ಹಾಕಿಕೊಂಡು ಮಾತನಾಡಿದರು. ಮಾತು ಮುಗಿದ ಮೇಲೆ ಪೋಪ್ ಹೊರಗೆ ಬಂದರು, ಅವನು ಒಳಗೇ ಉಳಿದ. 2000ದಲ್ಲಿ ಪೋಪ್ ಅವರ ಕೋರಿಕೆಯ ಮೇಲೆ ಇಟಲಿಯ ರಾಷ್ಟ್ರಪತಿ ಕ್ಷಮಾದಾನ ಕೊಡುವವರೆಗೂ ಇಟಲಿಯ ಜೈಲಿನಲ್ಲೇ ಇದ್ದ. ಕ್ಷಮೆಯನ್ನು ಪೋಪ್ ಕೊಟ್ಟರು, ಶಿಕ್ಷೆಯನ್ನು ನ್ಯಾಯಾಲಯ ನೋಡಿಕೊಂಡಿತು. ಇನ್ನೊಬ್ಬರಿಗೆ ಅದೇ ಕೇಡು ಆಗದಂತೆ ತಡೆಯುವ ದಾರಿ ನಿಮ್ಮ ದೂರಿನಲ್ಲಿದೆ. ಅವನು ಅದೇ ತಪ್ಪನ್ನು ಮತ್ತೆ ಮಾಡದಂತೆ ತಡೆಯುವುದು ಅವನಿಗೂ ಒಳ್ಳೆಯದೇ. ಆದ್ದರಿಂದ ದೂರು ಇರಲಿ, ಸಾಕ್ಷಿ ಹೇಳಿ. ಹೇಳುವಾಗ ನಡೆದದ್ದರಲ್ಲಿ ಒಂದನ್ನೂ ಬಿಡಬೇಡಿ, ನಡೆಯದ ಒಂದು ಮಾತನ್ನೂ ಸೇರಿಸಬೇಡಿ. ವಕೀಲರು ಸ್ವಲ್ಪ ಹೆಚ್ಚಿಸಿ ಹೇಳಿ ಎಂದರೂ ಸೇರಿಸಬೇಡಿ.